ಸಾವಿನ ಮನೆಗೆ ಬಾರದವರು

ಇಂಗ್ಲೆಂಡಿನ ಉತ್ತರದ ಈ ಊರಿನ ಚಳಿಗೆ ನನ್ನ ಮೈ ಇನ್ನೂ ಒಗ್ಗಿರಲಿಲ್ಲ. ಒಂದು ಮಧ್ಯಾಹ್ನ ವಿಶ್ವವಿದ್ಯಾಲಯದ ಗ್ರಂಥಾಲಯದಿಂದ ಹೊರಬಂದರೆ ಎದುರಿನ ಹುಲ್ಲುಹಾಸಿನ ತುಂಬ ಹೆಣಗಳು. ಸಾಲಾಗಿ ಮಲಗಿಸಿ ಮುಖದ ಮೇಲೂ ಬಿಳಿ ಬಟ್ಟೆ ಹೊದಿಸಿದ್ದರು. ನಾನು ಬಾಗಿಲಿಗೇ ಒರಗಿ ನಿಂತೆ. ಅಷ್ಟರಲ್ಲಿ ಒಂದು ಹೆಣ ಕೈ ಚಾಚಿ, ಪಕ್ಕದಲ್ಲಿದ್ದ ಕಾಫಿ ಲೋಟವನ್ನು ಹೊದಿಕೆಯೊಳಗೆ ಎಳೆದುಕೊಂಡು ಒಂದೆರಡು ಗುಟುಕು ಹೀರಿ ಮತ್ತೆ ಸತ್ತಿತು.

ಸತ್ತಂತೆ ಮಲಗಿ ಪ್ರತಿಭಟಿಸುವ ಇದಕ್ಕೆ ಇಲ್ಲಿ ‘ಡೈ-ಇನ್’ ಎನ್ನುತ್ತಾರೆ. ನಮ್ಮೂರು ಆದೋನಿಯಲ್ಲಿ ಮಕ್ಕಳು ಮುಖ ಮುಚ್ಚಿ ಮಲಗಿದರೆ ಅಜ್ಜಿಯರು ಹೊದಿಕೆ ಕಿತ್ತು ಬೆನ್ನಿಗೊಂದು ಕೊಡುತ್ತಾರೆ. ಇಲ್ಲಿ ಮುಖ ಮುಚ್ಚಿಕೊಂಡವರ ಫೋಟೊ ತೆಗೆಯಲು ಜನ ನೂಕಾಡುತ್ತಿದ್ದರು. ಮೂರು ತಲೆಮಾರಿನಿಂದ ಹತ್ತಿ ವ್ಯಾಪಾರ ಮಾಡಿದ ಮನೆಯವಳು ನಾನು. ಹತ್ತಿ ನಾರಿನ ವಿಷಯ ಓದಲು ಒಂದು ಹತ್ತಿ ಗಿಡವೂ ಬೆಳೆಯದ ದೇಶಕ್ಕೆ ಬಂದಿದ್ದೇನೆ. ಹಾಗಾಗಿ ವಿಚಿತ್ರಗಳಿಗೆ ಸಿದ್ಧಳಾಗಿಯೇ ಇದ್ದೆ. ಇದಕ್ಕೆ ಮಾತ್ರ ಸಿದ್ಧಳಿರಲಿಲ್ಲ.

ಮರುದಿನ ಅಲ್ಲಿಯೇ ಡೇರೆಗಳೆದ್ದವು. ಗಾಜಾದಲ್ಲಿ ಸತ್ತವರ ಹೆಸರುಗಳನ್ನು ಮೈಕಿನಲ್ಲಿ ಓದುತ್ತಿದ್ದರು. ಫೋನಿನಲ್ಲಿ ಅವ್ವನಿಗೆ ಹೇಳಿದೆ. ದುಃಖದಲ್ಲಿ ಕೂತವರು ಒಲೆ ಹಚ್ಚಿರುವುದಿಲ್ಲ, ನಾಲ್ಕು ರೊಟ್ಟಿ ಒಯ್ಯಿ ಎಂದಳು. ನಮ್ಮ ಕಡೆ ಸಾವಾದ ಮನೆಗೆ ನೆರೆಯವರೇ ಬುತ್ತಿ ತರಬೇಕು, ಬಂದು ಸುಮ್ಮನೆ ಕೂತು ಹೋಗಬೇಕು. ಅದಕ್ಕೆ ‘ಮಾತಾಡಿಸಿಕೊಂಡು ಬರುವುದು’ ಎಂದು ಹೆಸರು, ಮಾತೇನೂ ಇರುವುದಿಲ್ಲ. ಗುಜರಾತಿನವರ ಅಂಗಡಿಯಲ್ಲಿ ಜೋಳದ ಹಿಟ್ಟು ಹುಡುಕಿ ಕರೆಂಟ್ ಒಲೆಯ ಮೇಲೆ ರೊಟ್ಟಿ ಬಡಿದೆ. ಹೊಗೆಗೆ ಎರಡು ಸಲ ಅಲಾರಂ ಕೂಗಿತು. ಮೂರನೆಯ ರೊಟ್ಟಿ ಉಬ್ಬಿದಾಗ ದೇಶವನ್ನೇ ಗೆದ್ದಷ್ಟು ಖುಷಿಯಾಯಿತು.

ಡೇರೆಯ ಮುಖಂಡ ಟ್ರಿಸ್ಟನ್ ಎಂಬವನು ರೊಟ್ಟಿ ತಿರುಗಿಸಿ ನೋಡಿ, ಇದರಲ್ಲಿ ಗೋಧಿ ಇದೆಯೇ, ಬೆಣ್ಣೆ ಇದೆಯೇ ಎಂದು ವಿಚಾರಿಸಿದ. ಎರಡೂ ಇಲ್ಲವೆಂದು ಖಾತ್ರಿಯಾದ ಮೇಲೆ ತಿನ್ನುವ ಮೊದಲು ವೀಡಿಯೊ ಮಾಡಿದ. ದಾರಿಯ ಆಚೆ ಇನ್ನೊಂದು ಬಾವುಟದವರು ಅಪಹರಣವಾದ ತಮ್ಮವರ ಚಿತ್ರ ನಿಲ್ಲಿಸಿ, ಪಕ್ಕದಲ್ಲೇ ಎದೆ ನಡುಗುವಂತೆ ಹಾಡು ಹಚ್ಚಿ ಕುಣಿಯುತ್ತಿದ್ದರು. ಆಡಳಿತದವರು ‘ನಿಮ್ಮ ಯೋಗಕ್ಷೇಮ ನಮಗೆ ಮುಖ್ಯ’ ಎಂದು ಎಲ್ಲರಿಗೂ ಒಂದೇ ಇಮೇಲ್ ಕಳಿಸಿ ಕೈ ತೊಳೆದುಕೊಂಡರು. ಈಚೆಯವರು ಹೆಸರು ಓದಿದ ಸತ್ತವರೂ ಸುಳ್ಳಲ್ಲ, ಆಚೆಯವರ ಚಿತ್ರದಲ್ಲಿದ್ದ ಕಾಣೆಯಾದವರೂ ಸುಳ್ಳಲ್ಲ. ಈ ಹುಲ್ಲುಹಾಸು ಮಾತ್ರ ಶುದ್ಧ ನಾಟಕದ ಕಂಪನಿಯಾಗಿತ್ತು.

ನಿಜವಾದ ಸಾವು ನನ್ನ ಪಕ್ಕದ ಕೋಣೆಗೆ ಬಂದಿತ್ತು. ಹಿಬಾ ಗಾಜಾದವಳು, ಟ್ರಿಸ್ಟನ್‌ನ ತರಗತಿಯವಳು. ಡೇರೆಯ ಕಡೆ ಹೆಜ್ಜೆ ಇಟ್ಟವಳಲ್ಲ. ಒಂದು ಬೆಳಿಗ್ಗೆ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ತಮ್ಮ ಹೋದ ಎಂದಳು. ತಾಯಿ ಕೈರೋದ ಆಸ್ಪತ್ರೆಯಲ್ಲಿದ್ದಳು, ಎದೆಯ ಶಸ್ತ್ರಚಿಕಿತ್ಸೆಯಾಗಿ ವಾರವೂ ಆಗಿರಲಿಲ್ಲ. ವೈದ್ಯರು ಸರಿ ಅನ್ನುವ ತನಕ ತಿಳಿಸಬಾರದು, ಆಮೇಲೆ ಅಲ್ಲಿ ಜೊತೆಗಿದ್ದ ಹಿಬಾಳ ಅಕ್ಕ ಹತ್ತಿರ ಕೂತು ಹೇಳಬೇಕು ಎಂದು ಮನೆಯವರು ನಿಶ್ಚಯಿಸಿದ್ದರು. ನಾನು ರೊಟ್ಟಿ ಮಾಡಿ ಅವಳೆದುರು ಇಟ್ಟೆ. ನಮ್ಮಲ್ಲೂ ಮೂರು ದಿನ ನೆರೆಯವರೇ ತರುತ್ತಾರೆ, ನಿನಗೆ ಹೇಗೆ ಗೊತ್ತು ಎಂದು ಕೇಳಿದಳು. ಗೊತ್ತಿರಲಿಲ್ಲ ಎಂದೆ.

ತರಗತಿಗೆ ಬಾರದವಳನ್ನು ಹುಡುಕಿಕೊಂಡು ಟ್ರಿಸ್ಟನ್ ಬಂದ. ಸಹಪಾಠಿಯಲ್ಲವೇ ಎಂದು ಹಿಬಾ ಎಲ್ಲವನ್ನೂ ಹೇಳಿದಳು. ಎದೆಯ ಮೇಲೆ ಕೈಯಿಟ್ಟು ಕೇಳಿದ. ಕೇಳಿದ ಮೇಲೆ, ಶುಕ್ರವಾರದ ಸಭೆಯಲ್ಲಿ ಮಾತಾಡು, ನಿನ್ನ ಕಥೆಗೆ ಬಹಳ ಶಕ್ತಿಯಿದೆ ಎಂದ.

“ನನ್ನ ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಅವನ ಹೆಸರು ಎಲ್ಲೂ ಹೇಳಬೇಡ” ಎಂದಳು ಹಿಬಾ.

ಖಂಡಿತ ಇಲ್ಲ ಎಂದು ಹೋದವನು ಶುಕ್ರವಾರ ಹೆಸರನ್ನು ಮೈಕಿನಲ್ಲಿ ಓದಿದ, ಊರಿನ ಸಮೇತ, ‘ನಮ್ಮ ಸಹಪಾಠಿಯ ತಮ್ಮ’ ಎಂದು ಮತ್ತೆ ಎದೆಯ ಮೇಲೆ ಕೈಯಿಟ್ಟು. ಆ ವೀಡಿಯೊವನ್ನು ಸಾವಿರಾರು ಜನ ಹಂಚಿದರು. ಸಂಜೆಗೆ ಕೈರೋದಲ್ಲಿ ಪಕ್ಕದ ಮಂಚದವಳ ಫೋನಿನಲ್ಲಿ ತಾಯಿ ಅದನ್ನು ನೋಡಿದಳು. ಜೀವ ಉಳಿಯಿತು. ಮಗನ ಸಾವನ್ನು ಮಾತ್ರ ಮಗಳ ಬಾಯಿಂದ ಕೇಳುವ ಬದಲು ಗುರುತಿಲ್ಲದ ಒಬ್ಬ ಹುಡುಗನ ಬಾಯಿಂದ, ಚಪ್ಪಾಳೆಯ ನಡುವೆ ಕೇಳಿದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಾನು ಡೇರೆಗೆ ಹೋಗಿ ಟ್ರಿಸ್ಟನ್‌ನನ್ನು ಹಿಡಿದು ಕೇಳಿದೆ.

“ನಾವು ಅವನ ಹೆಸರು ಮರೆತುಹೋಗಲು ಬಿಡಲಿಲ್ಲ” ಎಂದ. ಕಣ್ಣಲ್ಲಿ ನೀರೂ ಇತ್ತು. ಅಷ್ಟು ಅಸಹ್ಯ ನನಗೆ ಯಾವ ಮನುಷ್ಯನ ಕಣ್ಣೀರಿನ ಮೇಲೂ ಹುಟ್ಟಿಲ್ಲ. ಮೂರು ದಿನದಲ್ಲಿ ಆ ಡೇರೆಗಳಿಂದ ಒಬ್ಬರೂ ಹಿಬಾಳ ಕೋಣೆಗೆ ಬಂದು ಕೂರಲಿಲ್ಲ.

ನಮ್ಮೂರಿನವರು ಮೇಲು ಎಂದು ಓದುಗರು ಬೀಗಬೇಕಿಲ್ಲ. ಡೇರೆಗೆ ರೊಟ್ಟಿ ಒಯ್ದ ಸಂಗತಿಯನ್ನು ಮನೆಯ ವಾಟ್ಸ್ಯಾಪ್ ಗುಂಪಿನಲ್ಲಿ ಬರೆದಿದ್ದೆ. ದೊಡ್ಡಪ್ಪ, “ಅವರಿಗೆ ಯಾಕ ಮಾಡಿ ಹಾಕ್ತಿ? ನೀನು ಯಾರ ಕಡೀ?” ಎಂದು ಬರೆದ. ಗಾಜಾ ನಕ್ಷೆಯಲ್ಲಿ ಯಾವ ಮೂಲೆಯಲ್ಲಿದೆ ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ, ಸ್ಟೇಟಸ್ಸಿನಲ್ಲಿ ಆ ಇನ್ನೊಂದು ಬಾವುಟ ಮಾತ್ರ ಹಾರುತ್ತಿದೆ. ಅಜ್ಜ ಸತ್ತಾಗ ಪಕ್ಕದ ಮನೆಯ ಖಾಸಿಂಬಿ, ನಾವು ಅವರ ಅಡುಗೆ ತಿನ್ನುವವರಲ್ಲವೆಂದು ಹಾಲು, ಬಾಳೆಹಣ್ಣು ತಂದು ದಿನವಿಡೀ ಕೂತಿದ್ದಳು. ಆ ಹಾಲು ಕುಡಿದವನು ಇದೇ ದೊಡ್ಡಪ್ಪ. ಇಲ್ಲಿ ಹುಲ್ಲಿನ ಮೇಲೆ ಆಡುವ ಆಟವನ್ನು ಅಲ್ಲಿ ಮಂಚದ ಮೇಲೆ ಕೂತು ಆಡುತ್ತಾರೆ, ಅಷ್ಟೇ ವ್ಯತ್ಯಾಸ.

ಅವ್ವ ಗುಂಪಿನಲ್ಲಿ ಏನೂ ಬರೆಯಲಿಲ್ಲ. ಹಿಬಾಳ ಮನೆಯ ಸುದ್ದಿಯನ್ನು ಅವಳೊಬ್ಬಳಿಗೇ ಹೇಳಿದ್ದೆ. ಎಲ್ಲರೂ ಅಂಗಡಿಗೆ ಹೋದ ಮೇಲೆ ಫೋನ್ ಮಾಡಿ, ಆ ತಾಯಿಗೆ ಫೋನ್ ಹಚ್ಚಿಕೊಡು ಎಂದಳು. ಆಕೆಗೆ ಅರಬ್ಬಿ ಬಿಟ್ಟು ಬೇರೆ ಬರುವುದಿಲ್ಲ ಎಂದೆ. ಬರದಿದ್ದರೆ ಬೇಡ ಎಂದಳು. ಹಿಬಾ ಕೈರೋಗೆ ಹಚ್ಚಿದಳು, ಎರಡು ಫೋನುಗಳನ್ನು ಎದುರುಬದುರು ಇಟ್ಟೆವು.

“ಅಕ್ಕಾ, ನಾನು ಆದೋನ್ಯಾಗಿಂದ ಮಾತಾಡ್ತೀನಿ. ಬರಾಕ ಆಗ್ಲಿಲ್ಲ. ಬಂದು ನಿಮ್ಮ ಹತ್ರ ಕುಂತೀನಿ ಅಂತ ತಿಳ್ಕೋರಿ.”

ಆ ಕಡೆಯಿಂದ ಅಳು ಕೇಳಿತು. ಅವ್ವ ಮತ್ತೇನೂ ಅನ್ನದೆ ಬಹಳ ಹೊತ್ತು ಹಾಗೇ ಇದ್ದಳು. ಇಡುವಾಗ ನನಗೆ, “ನಿಮ್ಮ ದೊಡ್ಡಪ್ಪಗ ಹೇಳಬ್ಯಾಡ ಯವ್ವಾ” ಎಂದಳು.

ಈ ಬೇಸಿಗೆಯಲ್ಲಿ ಊರಿಗೆ ಬರಬೇಕು. ಬಂದರೆ ಮನೆಯ ಜಗಲಿಯ ಮೇಲೆ ದೊಡ್ಡಪ್ಪನೆದುರು ಬಾಯಿ ಮುಚ್ಚಿ ಕೂರಬೇಕು, ಇಲ್ಲಿದ್ದರೆ ಆ ಹುಲ್ಲುಹಾಸನ್ನು ಸುತ್ತಿ ಬಳಸಿ ನಡೆಯಬೇಕು. ಹಿಬಾಳ ಕೋಣೆಯ ಹೊಸ್ತಿಲಷ್ಟೇ ಸದ್ಯಕ್ಕೆ ನನ್ನದೆನಿಸುತ್ತದೆ, ಅದೂ ಬಾಡಿಗೆಯದು.

ಇದನ್ನು ಬರೆಯುವ ಮೊದಲು ಇಬ್ಬರನ್ನೂ ಕೇಳಿದೆ. ಹಿಬಾ, ಬರೆ, ನನ್ನ ಹೆಸರು ಬದಲಿಸು ಎಂದಳು. ಬದಲಿಸಿದ್ದೇನೆ. ನಿನ್ನ ಮಾತು ಬಿಟ್ಟುಬಿಡಲೇ, ದೊಡ್ಡಪ್ಪ ಓದುತ್ತಾನೆ ಎಂದು ಅವ್ವನಿಗೆ ಹೇಳಿದೆ.

“ಓದ್ಲಿ” ಎಂದಳು. “ನನ್ನ ಹೆಸರು ಹಾಕು.”

ನನ್ನ ಅವ್ವನ ಹೆಸರು ಗಿರಿಜಮ್ಮ.