ಎರೆಭೂತದ ತತ್ತಿ

ಇದನ್ನು ಹೇಳುವುದನ್ನು ಇಷ್ಟು ವರ್ಷ ಮುಂದೂಡುತ್ತ ಬಂದೆ. ಮಕ್ಕಳಿಗೆ ಎರೆಭೂತ ಹಕ್ಕಿಯ ಕಥೆ ಹೇಳಿದ್ದೇನೆ, ನನ್ನ ತಪ್ಪನ್ನು ಬಿಟ್ಟು. ಮೊನ್ನೆ ಜತ್ತದ ಬಸ್ ಸ್ಟ್ಯಾಂಡಿನಲ್ಲಿ ಮಳೆಗೆ ತೊಯ್ದ ಕಂಬಳಿಯವನೊಬ್ಬ ಪಕ್ಕದಲ್ಲಿ ಬಂದು ಕೂತ. ಆ ಉಣ್ಣೆಯ ವಾಸನೆಗೆ ನಮ್ಮೂರು ಉಟಗಿಯ ಪಡಸಾಲೆ, ಅಲ್ಲಿ ಎಲೆ ಮೆಲ್ಲುತ್ತಿದ್ದ ಅಜ್ಜ, ಗೂಟಕ್ಕೆ ತೂಗುಬಿಟ್ಟ ಕಂಬಳಿಗಳು ಎಲ್ಲ ಒಟ್ಟಿಗೆ ಎದ್ದು ಬಂದವು.

ಜತ್ತ ಸಂಸ್ಥಾನ ಹೋಗಿ ಒಂದೆರಡು ವರ್ಷವಾಗಿತ್ತು. ಊರಾಚೆಯ ಹುಲ್ಲುಬಯಲು ನಮ್ಮದು. ಅದನ್ನು ಮಡ್ಡಿ ಎನ್ನುತ್ತಿದ್ದೆವು. ಅಸಂಗಿಯಿಂದ ಬಂದು ಅಲ್ಲಿ ತನ್ನ ಕುರಿ ಮೇಯಿಸುವವಳನ್ನು ನಾನು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ. ಶ್ರಾವಣದ ಒಂದು ಬೆಳಿಗ್ಗೆ ಅವಳ ಹಿಂದೆ ಹೋದೆ. ಬಾರಿ ಹಣ್ಣಿನ ಗಿಡದ ಮೇಲೆ ಅಂಗೈಯಗಲದ ಪತಂಗ ಕೂತಿತ್ತು, ರೆಕ್ಕೆಯ ಮೇಲೆ ದುಂಡನೆಯ ಹೊಳಪು.

"ನೋಡೋ ತಮ್ಮಾ, ಕನ್ನಡಿ ಹಚ್ಚಕೊಂಡ ಯಾರ ಲಗ್ನಕ್ಕ ಹೊಂಟೈತಿ! ನೀ ಮಾರೀನೂ ತೊಳ್ಕೊಳ್ದ ಬಂದಿ," ಎಂದಳು ಕಾಕು.

ಆಚೆಗೆ ಎರೆಭೂತ ನಿಂತಿತ್ತು, ನನ್ನ ಎದೆಯೆತ್ತರದ ಹಕ್ಕಿ. ಅದು ಸರಿದಾಗ ಹುಲ್ಲಿನ ನಡುವೆ ಬರಿ ನೆಲದ ಮೇಲೆ ಒಂದೇ ಒಂದು ತತ್ತಿ ಕಂಡಿತು. ಕುರಿಯವರ ಪದ್ಧತಿಯಂತೆ ಕಾಕು ಅದರ ಸುತ್ತ ತುಸು ದೂರದಲ್ಲಿ ಐದು ಕಲ್ಲು ಇಟ್ಟಳು. ಆ ಕಲ್ಲು ಕಂಡರೆ ಯಾರ ಹಿಂಡೂ ಒಳಗೆ ಬರುವುದಿಲ್ಲ.

ತತ್ತಿ ನನಗೊಬ್ಬನಿಗೇ ಗೊತ್ತಿರಲಿ ಎಂಬ ಆಸೆ ನನಗೆ. ಮರುದಿನ ಕಲ್ಲುಗಳನ್ನು ಇಪ್ಪತ್ತು ಹೆಜ್ಜೆ ಆಚೆ ಒಯ್ದು ಹಾಗೆಯೇ ಸುತ್ತ ಇಟ್ಟೆ. ಒಂದೇ ಸಮ ಬೆಳೆದ ಹುಲ್ಲಿನಲ್ಲಿ ಕಲ್ಲೇ ಗುರುತು. ಮೂರನೆಯ ದಿನ ನಾನು ಹೋಗುವಷ್ಟರಲ್ಲಿ ಕಾಕು ಕಲ್ಲುಗಳನ್ನು ಬಳಸಿಕೊಂಡು ಹಿಂಡು ಹೊಡೆದಿದ್ದಳು. ಕುರಿಗಳು ತತ್ತಿಯ ಮೇಲೇ ಹಾದಿದ್ದವು.

ಅವಳು ತಲೆಯ ಮೇಲೆ ಕೈ ಹೊತ್ತು ಕೂತಳು. ಆಮೇಲೆ ಎದ್ದು, "ಕುರಿ ನೋಡ್ಕೋ ತಮ್ಮಾ, ಅಜ್ಜಾರಿಗಿ ನಾನ ಹೇಳಿ ಬರ್ತೀನಿ" ಎಂದು ಹೋದಳು. ಅವಳು ಅತ್ತ ಹೋಗುತ್ತಲೇ ನಾನು ಕಲ್ಲುಗಳನ್ನು ಮೊದಲಿನ ಜಾಗಕ್ಕೆ ತಂದಿಟ್ಟೆ.

ಅಜ್ಜ ಬಂದು ನೋಡಿದ. "ಇಷ್ಟ ದೊಡ್ಡ ಕಲ್ಲ ಕಣ್ಣಿಗಿ ಬೀಳಲಿಲ್ಲೇನ ನಿನಗ?"

"ಕಲ್ಲ ಆ ಕಡೆ ಇದ್ದೂರಿ ಯಪ್ಪಾ. ತಮ್ಮಗ ಕೇಳ್ರಿ."

ಅಜ್ಜ ನನ್ನ ಕಡೆ ತಿರುಗಿದ.

"ಇಲ್ಲೇ ಇದ್ದೂವು," ಎಂದೆ.

ಕಾಕು ನನ್ನನ್ನು ಒಂದು ಸಲ ನೋಡಿದಳು. "ನಾಳಿಯಿಂದ ಈ ಮಡ್ಡಿಗಿ ಬರಬ್ಯಾಡ" ಎಂದ ಅಜ್ಜನಿಗೆ "ಹೂಂನ್ರಿ" ಎಂದು ಹಿಂಡು ಹೊಡೆದುಕೊಂಡು ಅಸಂಗಿಯ ದಾರಿ ಹಿಡಿದಳು. ಮತ್ತೆ ನಮ್ಮ ಕಡೆ ಬರಲಿಲ್ಲ.

ಈಗ ಅಜ್ಜನಿಲ್ಲ, ಪಡಸಾಲೆಯಿಲ್ಲ. ಮಡ್ಡಿಯನ್ನು ಉತ್ತು ಹೊಲ ಮಾಡಿದ್ದಾರೆ, ಎರೆಭೂತವನ್ನು ಕಂಡವರಿಲ್ಲ. ಅಸಂಗಿ ಎಷ್ಟು ದೂರ? ಸೈಕಲ್ ಕಲಿತ ಮೇಲೂ ಹೋಗಲಿಲ್ಲ, ಮೆಟ್ರಿಕ್ ಪಾಸಾದ ಮೇಲೂ ಹೋಗಲಿಲ್ಲ. ಅವಳು ತೀರಿಕೊಂಡ ಸುದ್ದಿ ಸಂತೆಯಲ್ಲಿ ಕಿವಿಗೆ ಬಿತ್ತು, ಅಂದೂ ಸುಮ್ಮನಿದ್ದೆ. ಅವಳ ಹೆಸರು ಮಾಳವ್ವ.