ಆರು ಸಿಲಿಂಡರು, ಒಂದು ಒದ್ದೆ ಬಟ್ಟೆ

ಸಾಮ್ರಾಜ್ಯಗಳು ಏಳುತ್ತವೆ, ಬೀಳುತ್ತವೆ. ಮನುಷ್ಯ ಕಟ್ಟಿದ್ದು ಯಾವುದೂ ಶಾಶ್ವತವಲ್ಲ. ಆದರೂ ಬೀಳುವುದಕ್ಕೆ ಇಷ್ಟು ಅವಸರ ಬೇಡ. ಐರ್ಲೆಂಡಿನ ಕ್ಯಾಸಲ್‌ನಾಕ್‌ನಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರು ಸಾಕಿಕೊಂಡಿದ್ದ ಅಮೆರಿಕದ ಕಾರು, ಆ ದೇಶ ದಿವಾಳಿಯೆದ್ದ ಕಾಲದಲ್ಲಿ ಹುಟ್ಟಿ, ಎರಡೇ ವರ್ಷಕ್ಕೆ ನಿರ್ವಂಶವಾದ ತಳಿ. ಆರು ಸಿಲಿಂಡರು, ದಿವಾನರ ಗತ್ತು.

ಪ್ರತಿ ಬೇಸಿಗೆಯಲ್ಲೂ ಹಳೆಯ ಕಾರುಗಳವರೆಲ್ಲ ಸಾಲಾಗಿ ವಿಕ್ಲೋ ಬೆಟ್ಟ ಹತ್ತುವ ಪದ್ಧತಿ. ಈ ಕಾರು ಅರ್ಧ ಹತ್ತುತ್ತಿತ್ತು. ಇಳಿಯುವುದು ಮಾತ್ರ ಲಾರಿಯ ಬೆನ್ನ ಮೇಲೆ. ಕಳೆದ ವರ್ಷ ಅವರ ಹೆಂಡತಿ ಬೇಲಿಯ ಬಳಿ ನನ್ನೆದುರಿಗೇ ತೀರ್ಪು ಕೊಟ್ಟರು: “ಈ ಸಲವೂ ಲಾರಿ ಮೇಲೆ ಬಂದರೆ, ಅದೇ ಲಾರಿಯಲ್ಲಿ ಕೊಳ್ಳುವವರ ಮನೆಗೆ ಹೋಗಲಿ.”

“ಗ್ರ್ಯಾಂಡ್,” ಎಂದರು ಹಿರಿಯರು. ಈ ದೇಶದಲ್ಲಿ ಮದುವೆಗೂ ಮಸಣಕ್ಕೂ ಅದೇ ಮಾತು. ಮುಖ ಮಾತ್ರ ಮಸಣದ್ದು.

ನನ್ನನ್ನೂ ನನ್ನ ಹೆಂಡತಿಯನ್ನೂ ಹಿಂದಿನ ಸೀಟಿಗೆ ಕರೆದರು, ಬಹುಶಃ ಸಾಕ್ಷಿಗೆ. ಆ ಭಾನುವಾರ ಐರ್ಲೆಂಡಿನಲ್ಲಿ ನಿಜವಾದ ಬಿಸಿಲು. ಇವಳು ಮೊಸರನ್ನದ ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿ, ರಾಯಚೂರಿಗೆ ಹೊರಟವಳಂತೆ ಹೊರಟಳು.

ಅರ್ಧ ಬೆಟ್ಟದಲ್ಲಿ ಕಾರು ಕೆಮ್ಮಿ ನಿಂತಿತು. ಜೊತೆಯವರು ಬಾನೆಟ್ ಎತ್ತಿ ಪ್ಲಗ್ ನೋಡಿದರು, ವೈರ್ ನೋಡಿದರು, ಕೊನೆಗೆ ಆಕಾಶ ನೋಡಿದರು. ಒಬ್ಬರು ಲಾರಿಗೆ ಫೋನ್ ಮಾಡಿದರು. ಹಿರಿಯರು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತರು.

“ರೀ, ಎಂಜಿನ್ ಪಕ್ಕದಲ್ಲಿರೋ ಆ ಪೆಟ್ರೋಲ್ ಪಂಪ್ ಮುಟ್ಟಿ ನೋಡಿ,” ಎಂದಳು ಹೆಂಡತಿ.

ಮುಟ್ಟಿದೆ. “ದೋಸೆ ಹುಯ್ಯಬಹುದು ಕಣೇ.”

“ಮತ್ತೆ? ಬೇಸಿಗೇಲಿ ಚಾಮುಂಡಿ ಬೆಟ್ಟಕ್ಕೆ ಕಾರು ಹತ್ತಿಸ್ತಾ ನಮ್ಮಪ್ಪ ಏನ್ ಮಾಡ್ತಿದ್ರು?”

ಕಾದ ಪಂಪಿನೊಳಗೆ ಪೆಟ್ರೋಲು ಆವಿಯಾಗಿ ಎಂಜಿನ್ನಿಗೆ ಹೋಗದೆ ನಿಲ್ಲುವುದು, ಪಂಪಿಗೆ ಒದ್ದೆ ಬಟ್ಟೆ ಸುತ್ತಿದರೆ ಮತ್ತೆ ಹೊರಡುವುದು, ಇವು ನಮ್ಮೂರಿನಲ್ಲಿ ಮಕ್ಕಳಿಗೂ ಗೊತ್ತು. ಜೀವಮಾನವಿಡೀ ಚಳಿಯೊಂದಿಗೇ ಹೋರಾಡಿದ ಸಜ್ಜನರಿಗೆ ಹೇಗೆ ಗೊತ್ತಾಗಬೇಕು? ಅವಳು ಡಬ್ಬಿಯ ಬಟ್ಟೆ ಬಿಚ್ಚತೊಡಗಿದಳು.

“ಅದು ಮೊಸರನ್ನದ ಬಟ್ಟೆ,” ಎಂದು ನಾನು ಗಂಭೀರವಾಗಿ ಆಕ್ಷೇಪಿಸಿದೆ.

“ಕಾರಿಗೇನು ಮಡೀನಾ? ಸುಮ್ನೆ ನೀರು ಹಾಕಿ.”

ಹಾಕಿದೆ. ಪಂಪು ತಣಿಯುವವರೆಗೆ ರಸ್ತೆ ಬದಿಯಲ್ಲಿ ಕೂತು ಮೊಸರನ್ನ ಮುಗಿಸಿದೆವು. ಹಿರಿಯರು ಎರಡನೆಯ ಸಲ ಬಡಿಸಿಕೊಂಡು, ಹೋಗಿ ಸ್ಟಾರ್ಟರ್ ಒತ್ತಿದರು. ಮೊದಲು ಬರೀ ನರಳಾಟ. ಆಮೇಲೆ ಆರು ಸಿಲಿಂಡರುಗಳೂ ಒಟ್ಟಿಗೆ ಬಾಯಿ ಬಿಟ್ಟವು. ಅಷ್ಟರಲ್ಲಿ ಲಾರಿ ಬಂದಿತ್ತು. ಚಾಲಕ ನಂಬಿಕೆ ಸಾಲದೆ ಖಾಲಿ ಲಾರಿಯನ್ನು ಬೆಟ್ಟದ ನೆತ್ತಿಯವರೆಗೂ ನಮ್ಮ ಹಿಂದೆಯೇ ಓಡಿಸಿದ. ಮಹಾರಾಜರ ಸವಾರಿಗೂ ಅಂಥ ಹಿಂಬಾಲಕರಿರಲಿಲ್ಲ. ಮೇಲೆ ಮುಂಚೆಯೇ ತಲುಪಿದ್ದವರೆಲ್ಲ ಹಾರ್ನ್ ಬಾರಿಸಿದರು. ಹಿರಿಯರು ಇಳಿದು ಬಂದು, ನನ್ನನ್ನು ದಾಟಿ ಹೋಗಿ, ನನ್ನ ಹೆಂಡತಿಗೆ ತಲೆಬಾಗಿದರು.

“ಗ್ರ್ಯಾಂಡ್,” ಎಂದಳು ಅವಳು.

ಸಂಜೆ ಕಾರು ತನ್ನ ಗಾಲಿಗಳ ಮೇಲೆಯೇ ಮನೆ ಸೇರಿತು. ಗೇಟಿನಲ್ಲಿ ಕೈಕಟ್ಟಿ ನಿಂತಿದ್ದ ಪಕ್ಕದ ಮನೆಯಾಕೆ ಹಿಂದೆ ಲಾರಿ ಇದೆಯೇ ಎಂದು ರಸ್ತೆಯ ತುದಿಯವರೆಗೂ ಕಣ್ಣು ಹಾಯಿಸಿದರು. ಇರಲಿಲ್ಲ. ತಾವೇ ಹೋಗಿ ಗ್ಯಾರೇಜಿನ ಬಾಗಿಲು ತೆರೆದರು.

ಕಾರನ್ನು ಮಾರಲಿಲ್ಲ.