ಕುಳಿತುಬಿಡುತ್ತಿದ್ದ ಕಾರು

ಶಿಡ್ಲಘಟ್ಟದ ಮಜರ್ ಹುಟ್ಟಿದ್ದು ರೇಷ್ಮೆ ನೂಲು ಬಿಚ್ಚುವ ಮನೆಯಲ್ಲಿ. ಬೇಯಿಸಿದ ಗೂಡಿನಿಂದ ಹೊರಬೀಳುವ ಸತ್ತ ಹುಳುವಿನ ನಾತ ಅವನ ಊಟದ ತಟ್ಟೆಯವರೆಗೂ ಬರುತ್ತಿತ್ತು. ಹದಿನೆಂಟಕ್ಕೆ ಹೇಸಿ ಮನೆಯ ಕಸುಬು ಬಿಟ್ಟ. ದೊಡ್ಡ ಬಸ್ಸುಗಳ ರಿಪೇರಿ ಕಲಿತ. ಆ ಬಸ್ಸುಗಳು ಕಬ್ಬಿಣದ ಪಟ್ಟಿಗಳ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ನಿಲ್ಲುತ್ತವೆ ಎಂದು ತಿಳಿದ ದಿನ ಅವನಿಗೆ ಹಿಗ್ಗೋ ಹಿಗ್ಗು. ಗಾಳಿಗೆ ನಾತವಿರಲಿಲ್ಲ.

ಈಗ ವಯಸ್ಸು ನಲವತ್ತೆಂಟು. ದಿಬ್ಬೂರಹಳ್ಳಿ ರಸ್ತೆಯಲ್ಲಿ ಅವನದೇ ಗ್ಯಾರೇಜು. ಕಾಯಿಲೆ ಗೊತ್ತಾಗುವ ತನಕ ಒಂದು ನಟ್ಟನ್ನೂ ಬದಲಾಯಿಸುವುದಿಲ್ಲ ಎಂಬ ಹೆಸರು, ಅದರಿಂದಲೇ ನಿಧಾನಿ ಎಂಬ ಅಪಖ್ಯಾತಿ.

ಕಳೆದ ಶ್ರಾವಣದಲ್ಲಿ ನಂದಿಯ ದ್ರಾಕ್ಷಿ ಬೆಳೆಗಾರ ನರೇಂದ್ರ ತನ್ನ ಸೆಕೆಂಡ್‌ಹ್ಯಾಂಡ್ ವಿದೇಶಿ ಕಾರನ್ನು ಅಲ್ಲಿಗೆ ತಂದ. ಓಡಿಸಿಕೊಂಡು ಬಂದವನು ಅವನ ಡ್ರೈವರ್ ಗಂಗರಾಜು, ಐವತ್ತು ದಾಟಿದ ಮೆತ್ತಗಿನ ಮನುಷ್ಯ. ಅದೂ ಹಿಂದೆ ಗಾಳಿಚೀಲಗಳ ಮೇಲೆ ನಿಲ್ಲುವ ಕಾರೇ; ಸ್ವಲ್ಪ ಹೊತ್ತು ನಿಲ್ಲಿಸಿದರೆ ಸಾಕು, ಕಾರಿನ ಹಿಂಭಾಗ ಎಮ್ಮೆಯಂತೆ ನೆಲಕ್ಕೆ ಕುಳಿತುಬಿಡುತ್ತಿತ್ತು.

“ಇವ್ನು ಚಿಂತಾಮಣಿ ರೋಡಲ್ಲಿ ಗುಂಡಿಗೆ ಇಳಿಸಿದಾನೆ ಭಾಯ್” ಎಂದ ನರೇಂದ್ರ. “ಅದಕ್ಕೇ ಚೀಲ ಒಡೆದಿದೆ ಅಂತ ನಿಮ್ಮ ಬಾಯಲ್ಲಿ ಬಂದುಬಿಡ್ಲಿ. ನಾಳೆಯಿಂದ ಇವ್ನು ಬರೋದು ಬೇಡ.”

“ಇಳಿಸಿದ್ದು ನಿಜ ಸಾಬ್ರೇ” ಎಂದ ಗಂಗರಾಜು. “ಹನ್ನೊಂದು ವರ್ಷದಲ್ಲಿ ಅದೊಂದೇ ಸಲ.”

“ನೋಡಿದ್ರಾ? ಕಳ್ಳನೇ ಒಪ್ಕೊಂಡ!”

ಮಜರ್ ಎಂಜಿನ್ ಚಾಲೂ ಮಾಡಿ ಕಾರನ್ನು ಎಬ್ಬಿಸಿದ. ಎರಡು ಚೀಲಗಳಿಗೂ ಸೋಪಿನ ನೊರೆ ಬಳಿದು ಕಾದ. ಒಂದು ಗುಳ್ಳೆಯೂ ಏಳಲಿಲ್ಲ. ಟೇಪು ಹಿಡಿದು ಎರಡೂ ಕಡೆಯ ಎತ್ತರವನ್ನು ಸೀಮೆಸುಣ್ಣದಲ್ಲಿ ಗೋಡೆಗೆ ಬರೆದ. ಎರಡು ಗಂಟೆ ಬಿಟ್ಟು ಮತ್ತೆ ಅಳೆದ.

“ಚೀಲ ಒಡೆದಿದ್ರೆ ಕಾರು ಒಂದು ಕಡೆಗೆ ವಾಲ್ಬೇಕು ನರೇಂದ್ರಣ್ಣ. ಇದು ಎರಡೂ ಕಡೆ ಒಂದೇ ಸಮ ಇಳೀತಾ ಇದೆ. ಗಾಳಿ ಹಂಚೋ ವಾಲ್ವ್ ಮುಚ್ಕೊತಾ ಇಲ್ಲ. ಅದು ಡಿಕ್ಕೀಲಿ, ಸ್ಟೆಪ್ನಿ ಕೆಳಗಿದೆ.”

“ಡಿಕ್ಕಿ ಯಾಕೆ? ಅಲ್ಲೇನಿಲ್ಲ.”

ಮಜರ್ ಸ್ಟೆಪ್ನಿ ಎತ್ತಿದ. ಕಣ್ಣು ಉರಿಸುವಂಥ ನಾತ ಮುಖಕ್ಕೆ ಹೊಡೆಯಿತು. ಮಳೆನೀರು ಸೇರಿ ಕೊಳೆತ ಕೋಳಿಗೊಬ್ಬರ, ಅದರಲ್ಲಿ ಮಿಜಿಗುಡುವ ಬಿಳಿ ಹುಳುಗಳು, ಅಂಟಿಕೊಂಡ ಪುಕ್ಕಗಳು. ಗಾಳಿ ಎಳೆಯುವ ಪಂಪು ಅದರ ನಡುವೆ ಅರ್ಧ ಮುಳುಗಿತ್ತು. ಕಾರಿನೊಳಗೆ ತೂಗುಹಾಕಿದ್ದ ಮಲ್ಲಿಗೆ ಸೆಂಟು ಈ ನಾತಕ್ಕೆ ಬೆರೆತು, ಹೆಣಕ್ಕೆ ಹೂ ಮುಡಿಸಿದಂತಾಗಿತ್ತು. ಮಜರ್ ರಸ್ತೆಗೆ ಹೋಗಿ ಉಗಿದು ಬಂದ. ಉಸಿರು ಬಿಗಿಹಿಡಿದು ವಾಲ್ವ್ ಬಿಚ್ಚಿದರೆ, ರಬ್ಬರಿನ ಬಾಯಿಗೆ ಪುಕ್ಕದ ಚೂರೊಂದು ಅಡ್ಡ ಕೂತಿತ್ತು.

“ಟ್ರ್ಯಾಕ್ಟರ್ ಕೆಟ್ಟಿತ್ತು ಭಾಯ್” ಎಂದ ನರೇಂದ್ರ, ಮುಖದಲ್ಲಿ ನಾಚಿಕೆಯ ಸುಳಿವೂ ಇಲ್ಲದೆ. “ಬಳ್ಳಿ ಸವರಿದ್ವಿ, ಗೊಬ್ಬರ ಬೀಳ್ಲೇಬೇಕಿತ್ತು. ಇವ್ನು ಮಗಳ ಬಾಣಂತನ ಅಂತ ಊರಿಗೆ ಹೋಗಿದ್ದ. ನಾನೇ ನಾಲ್ಕು ಮೂಟೆ ಹಾಕ್ಕೊಂಡು ಬಂದೆ, ಒಂದು ಹರಿದಿರ್ಬೇಕು. ಆಯ್ತಲ್ಲ, ಸಿಕ್ತಲ್ಲ. ಲೋ ಗಂಗ, ಇದನ್ನ ಬಳಿದಾಕು. ನಾಳೆ ಏಳಕ್ಕೆ ಬಂದ್ಬಿಡು.”

“ಅವ್ರು ಯಾಕೆ ಬಳೀಬೇಕು?” ಮಜರನ ದನಿ ಏರಿತು. “ತುಂಬಿದೋರು ಬಳೀಲಿ. ಅಲ್ಲೀವರ್ಗೂ ನಾನು ವಾಲ್ವ್ ಕೂರ್ಸಲ್ಲ.”

ನರೇಂದ್ರ ತಮಾಷೆಯೆಂದುಕೊಂಡು ನಕ್ಕ. ಅಷ್ಟರಲ್ಲಿ ಗಂಗರಾಜು ಅಂಗಿಯ ತೋಳು ಮಡಿಸಿ ಡಿಕ್ಕಿಗೆ ಬಗ್ಗಿಯಾಗಿತ್ತು. “ಬಿಡಿ ಸಾಬ್ರೇ, ಕೆಲಸ ಉಳೀತಲ್ಲ.”

ಆ ಮಾತು ಮಜರನಿಗೆ ಹುಳುಗಳಿಗಿಂತ ಹೆಚ್ಚು ಓಕರಿಕೆ ತಂದಿತು. ಅವನು ಒಂದು ತಗಡಿನ ತುಂಡು ಹಿಡಿದು ಗಂಗರಾಜುವಿನ ಪಕ್ಕ ಬಗ್ಗಿದ. ನರೇಂದ್ರ ಮೂಗಿಗೆ ಕರ್ಚೀಫು ಒತ್ತಿಕೊಂಡು ಎದುರಿನ ಟೀ ಅಂಗಡಿಗೆ ನಡೆದ.

ಅವನು ದೂರವಾದ ಮೇಲೆ ಗಂಗರಾಜು ಪಿಸುಗುಟ್ಟಿದ: “ಗಾಡೀಲಿ ವಾಸ್ನೆ ಬರ್ತದೆ ಅಣ್ಣ ಅಂತ ನಾನು ಇವ್ರಿಗೆ ಹೇಳ್ದೆ. ನೀನು ಸ್ನಾನ ಮಾಡಲ್ಲ, ನಿಂದೇ ಅದು ಅಂದ್ರು. ಒಂದು ತಿಂಗಳಿಂದ ಎರಡೆರಡು ಹೊತ್ತು ಸ್ನಾನ ಮಾಡ್ತಾ ಇದೀನಿ ಸಾಬ್ರೇ. ಮೊಮ್ಮಗೂನ ಎತ್ಕೊಳ್ಳೋಕೂ ಅಂಜ್ಕೋತಿದ್ದೆ.”